ಯಾವ ಆಟ, ಯಾವ ವಯಸ್ಸು ಎಂದು ಬಿಡಿಸಿ ಬರೆಯಿರಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ಮೊಬೈಲ್ ಗೇಮ್ ವಿರುದ್ಧದ ಬರಹಗಳು ಹೆಚ್ಚುತ್ತವೆ. ಕಾಳಜಿ ಸರಿಯೇ. ಆದರೆ ಆರು ವರ್ಷದ ಮಗು ಒಡೆಯುವ ಬಣ್ಣದ ಗುಳ್ಳೆ, ಹದಿನೈದರ ಹುಡುಗ ಆಡುವ ಗುಂಡಿನ ಕಾಳಗದ ಬಿಜಿಎಂಐ, ಅಜ್ಜಿಯ ಲೂಡೊ, ದುಡ್ಡು ಕಟ್ಟುವ ರಮ್ಮಿ ಎಲ್ಲಕ್ಕೂ ‘ಆನ್‌ಲೈನ್ ಗೇಮ್’ ಎಂಬ ಒಂದೇ ಹೆಸರು. ತುಮಕೂರಿನಲ್ಲಿ ಗೇಮಿಂಗ್ ಸೆಂಟರ್ ಮತ್ತು ಮೊಬೈಲ್, ಕಂಪ್ಯೂಟರ್ ರಿಪೇರಿ ಕೆಲಸದಲ್ಲಿರುವ ನಮಗೆ ಇದು ಸರಿ ಕಾಣುವುದಿಲ್ಲ. ವಯಸ್ಸಿನ ಜೊತೆ ಆಟದ ರುಚಿ ಬದಲಾಗುತ್ತದೆ, ಅಪಾಯವೂ ಬದಲಾಗುತ್ತದೆ. ಮನೆಮಂದಿಗೆಲ್ಲ ಒಂದೇ ಕಟ್ಟಳೆ ಮಾಡಿದರೆ ಅದು ಯಾರಿಗೂ ಹೊಂದುವುದಿಲ್ಲ.

ಎಂಟೊಂಬತ್ತು ವರ್ಷದೊಳಗಿನ ಮಕ್ಕಳಿಗೆ ಗೆಲ್ಲುವ ಹಟಕ್ಕಿಂತ ಆಡಿದ್ದನ್ನೇ ಮತ್ತೆ ಆಡುವುದರಲ್ಲಿ ಖುಷಿ. ಇವರಿಗೆ ತೊಂದರೆ ಕೊಡುವುದು ಆಟಕ್ಕಿಂತ ಹೆಚ್ಚಾಗಿ ನಡುವೆ ಬರುವ ಜಾಹೀರಾತು. ಮುಚ್ಚುವ ಗುರುತು ಕಡಲೆಕಾಳಿನಷ್ಟು ಚಿಕ್ಕದು. ಮಗು ಅದರ ಪಕ್ಕ ಒತ್ತಿತೆಂದರೆ ಪ್ಲೇ ಸ್ಟೋರ್ ತೆರೆದುಕೊಳ್ಳುತ್ತದೆ. ನೆಟ್ ಇಲ್ಲದೆ ನಡೆಯುವ ಒಂದು ಆಟ ಹಾಕಿ, ಏರೋಪ್ಲೇನ್ ಮೋಡ್ ಮಾಡಿ, ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಪಿನ್ನಿಂಗ್’ ಆನ್ ಮಾಡಿ, ಆ ಆಟವನ್ನು ಪಿನ್ ಮಾಡಿ ಕೊಟ್ಟರೆ ಮಗು ಆ ಆಟದಿಂದ ಸುಲಭವಾಗಿ ಆಚೆ ಹೋಗಲಾಗದು. ಅಲ್ಲೇ ಕೆಳಗೆ, ಹೊರಬರುವಾಗ ಪಿನ್ ಕೇಳಬೇಕು ಎಂಬ ಆಯ್ಕೆ ಇರುತ್ತದೆ. ಬಹಳ ಜನ ಅದನ್ನು ಆನ್ ಮಾಡುವುದೇ ಇಲ್ಲ, ಹಾಗಾಗಿ ಮಗು ಎರಡು ಬಟನ್ ಒಟ್ಟಿಗೆ ಒತ್ತಿ ಹೊರಗೆ ಬಂದಿರುತ್ತದೆ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡುವುದೂ ಅಷ್ಟೇ ಮುಖ್ಯ. ಕೈತಪ್ಪಿ ದುಡ್ಡು ಹೋದರೆ 48 ಗಂಟೆಯೊಳಗೆ ಗೂಗಲ್‌ಗೆ ರೀಫಂಡ್ ಕೇಳಿ.

ಮನೆಗಳಲ್ಲಿ ಹೆಚ್ಚು ಜಗಳ ಹುಟ್ಟುವುದು ಹನ್ನೆರಡರಿಂದ ಹದಿನೇಳರ ನಡುವೆ. ಈ ವಯಸ್ಸಿಗೆ ಆಟವೆಂದರೆ ಸ್ಪರ್ಧೆ ಮತ್ತು ಸ್ನೇಹಿತರು. ಬಿಜಿಎಂಐನ ಎರಾಂಗೆಲ್ ನಕ್ಷೆ 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ. ಒಮ್ಮೆಗೆ 100 ಜನ ಇಳಿಯುತ್ತಾರೆ, ಕೊನೆಯವರೆಗೂ ಉಳಿದರೆ ಒಂದು ಮ್ಯಾಚಿಗೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ನಾಲ್ವರ ತಂಡ. ‘ಅರ್ಧ ಗಂಟೆ ಆಡಿಕೋ’ ಎಂದ ಅಪ್ಪ ಸರಿಯಾಗಿ ಅರ್ಧ ಗಂಟೆಗೆ ಫೋನ್ ಕಸಿದುಕೊಂಡರೆ, ಮಗ ಕೊನೆಯ ಹತ್ತು ಜನರಲ್ಲಿ ಒಬ್ಬನಾಗಿ ಉಳಿದಿರುವ ಹೊತ್ತು ಅದು. ಅವನ ರೇಟಿಂಗ್ ಇಳಿಯುತ್ತದೆ, ಜೊತೆಗಿದ್ದ ಮೂವರು ಮಾರನೆ ದಿನ ಶಾಲೆಯಲ್ಲಿ ಬೈಯುತ್ತಾರೆ. ಅವನ ಸಿಟ್ಟೆಲ್ಲ ಚಟದಿಂದಲೇ ಬಂದದ್ದಲ್ಲ. ಕಬಡ್ಡಿ ಅಂಕಣದಿಂದ ನಡು ಆಟದಲ್ಲಿ ಎಳೆದು ತಂದರೂ ಹೀಗೇ ಆಗುತ್ತದೆ.

‘ದಿನಕ್ಕೆ ಎರಡು ಮ್ಯಾಚ್’ ಎಂಬ ಲೆಕ್ಕವೂ ನಿಲ್ಲುವುದಿಲ್ಲ. ಇಳಿದ ಎರಡೇ ನಿಮಿಷಕ್ಕೆ ಸತ್ತರೆ ‘ಇದು ಲೆಕ್ಕಕ್ಕಿಲ್ಲ’ ಎನ್ನುತ್ತಾರೆ. ಹೊಸ ಮ್ಯಾಚ್ ಶುರು ಮಾಡಲು ಕೊನೆಯ ಹೊತ್ತು ಗೊತ್ತು ಮಾಡುವುದೇ ಕೆಲಸಕ್ಕೆ ಬರುವ ದಾರಿ. ಊಟ 8:30ಕ್ಕೆ ಎಂದಾದರೆ 8 ಗಂಟೆಗೆ ಕೊನೆಯ ಬಸ್ಸು, ಆಮೇಲೆ ಹತ್ತುವಂತಿಲ್ಲ. ಹತ್ತಿದ್ದನ್ನು ಪೂರ್ತಿ ಮುಗಿಸಲಿ. ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ಸುಮಾರು 50 ಜನ, ಮ್ಯಾಚ್ ಹತ್ತು ಹದಿನೈದು ನಿಮಿಷದ್ದು. ಅಲ್ಲಿ ಈ ಹೊತ್ತನ್ನು 8:15 ಎಂದು ಇಡಬಹುದು. ಆಟ ತಿಳಿಯದೆ ಗಡಿಯಾರ ಹಿಡಿದರೆ ಪ್ರಯೋಜನವಿಲ್ಲ.

ಬಿಜಿಎಂಐನಲ್ಲೇ 18 ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಇದೆ. ಆದರೆ ಅದು ಆಟಗಾರ ತಾನೇ ಹೇಳಿಕೊಂಡ ವಯಸ್ಸಿನ ಮೇಲೆ ನಿಂತಿರುವುದರಿಂದ ಅದನ್ನೊಂದನ್ನೇ ನಂಬಬೇಡಿ. ಫೋನಿನ ‘ಡಿಜಿಟಲ್ ವೆಲ್‌ಬೀಯಿಂಗ್’ನಲ್ಲಿ ಟೈಮರ್ ಹಾಕಿದರೂ, ಅದೇ ಫೋನಿನಲ್ಲಿ ಮಗನೇ ತೆಗೆಯಬಲ್ಲ. ಗೂಗಲ್‌ನ ‘ಫ್ಯಾಮಿಲಿ ಲಿಂಕ್’ ಹಾಕಿಕೊಂಡರೆ ಬೀಗದ ಕೈ ನಿಮ್ಮ ಫೋನಿನಲ್ಲಿರುತ್ತದೆ. ಚಾರ್ಜಿಗೆ ಹಾಕಿಕೊಂಡು ಆಡಲು ಬಿಡಬೇಡಿ. ಫೋನ್ ಬಿಸಿಯೇರಿದಾಗ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ. ‘ಫೋನ್ ಹಳೆಯದಾಯಿತು, ಹೊಸದು ಕೊಡಿಸು’ ಎಂಬ ಬೇಡಿಕೆ ಎಷ್ಟೋ ಸಲ ಹುಟ್ಟುವುದೇ ಇಲ್ಲಿಂದ. ಹಿಂಬದಿಯ ಮುಚ್ಚಳ ಕೂದಲೆಳೆಯಷ್ಟು ಎದ್ದಿದ್ದರೂ ಬ್ಯಾಟರಿ ಉಬ್ಬಿರಬಹುದು. ಅದನ್ನು ಒತ್ತಿ ಕೂರಿಸಲು ಹೋಗದೆ, ಫೋನ್ ಆಫ್ ಮಾಡಿ ರಿಪೇರಿಗೆ ತನ್ನಿ.

ಇಪ್ಪತ್ತೈದರ ಹೊತ್ತಿಗೆ ಗಾಳಿ ಬೇರೆ ಕಡೆ ಬೀಸುತ್ತದೆ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದವರು ಸ್ಟಾರ್‌ಕ್ರಾಫ್ಟ್ 2 ಎಂಬ ಕಂಪ್ಯೂಟರ್ ಯುದ್ಧತಂತ್ರದ ಆಟ ಆಡುವ 16ರಿಂದ 44 ವರ್ಷದ 3,305 ಜನರ ಆಟದ ದಾಖಲೆ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ಪರದೆಯಲ್ಲಿ ಹೊಸದೇನೋ ಕಂಡೊಡನೆ ಕೈ ಓಡುವ ಚುರುಕು 24ರ ಸುಮಾರಿಗೇ ಇಳಿಯತೊಡಗುತ್ತದೆ ಎಂಬುದು ಅದರಲ್ಲಿ ಕಂಡದ್ದು. ಆದರೂ ದೊಡ್ಡವರು ಶಾರ್ಟ್‌ಕಟ್ ಕೀ ಬಳಸಿ, ಸರಳ ತಂತ್ರ ಹಿಡಿದು ಆ ಕೊರತೆ ತುಂಬಿಕೊಳ್ಳುತ್ತಾರೆ. ಚುರುಕಿಗಿಂತ ಮೊದಲು ಕೈಕೊಡುವುದು ಬಿಡುವು. ತುಮಕೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರನ್ನೇ ತೆಗೆದುಕೊಳ್ಳಿ. ಹೋಗುವಾಗ ಬರುವಾಗ ಕೂರಲು ಸಮಯವಿದೆ, ಆದರೆ ಗಾಡಿ ಒಂದು ಟವರಿನಿಂದ ಇನ್ನೊಂದಕ್ಕೆ ದಾಟುವಾಗ ಪಿಂಗ್, ಅಂದರೆ ಫೋನಿನಿಂದ ಆಟದ ಸರ್ವರಿಗೆ ಸಂಕೇತ ಹೋಗಿ ಬರುವ ಹೊತ್ತು, ಏರುತ್ತದೆ. 50 ಮಿಲಿಸೆಕೆಂಡ್ ಇದ್ದದ್ದು 200 ದಾಟಿತೆಂದರೆ ಮೊದಲು ಗುಂಡು ಹೊಡೆದವನೇ ಸಾಯುತ್ತಾನೆ. ಹಾಗಾಗಿ ಅಲ್ಲಿ ಚೆಸ್, ಸುಡೊಕು, ನೆಟ್ ಬೇಡದ ಕಾರ್ ರೇಸ್. ಮನೆಯಲ್ಲಿ ಕೈಗೂಸು ಇದ್ದವರಿಗಂತೂ ಆಟದಲ್ಲಿ ಬೇಕಾದ ಮೊದಲ ಗುಣ, ಆಟವನ್ನು ನಡುವೆ ನಿಲ್ಲಿಸಿಡುವ ‘ಪಾಜ್’ ಬಟನ್. ಆನ್‌ಲೈನ್ ಮ್ಯಾಚಿಗೆ ಅದಿಲ್ಲ, ಒಬ್ಬರೇ ಆಡುವ ಕಥೆಯ ಆಟಕ್ಕೆ ಇದೆ. ಈ ವಯಸ್ಸಿನವರು ಕೊಳ್ಳುವ ಮೊದಲು ನೋಡಬೇಕಾದ್ದು, ಬೇಕಾದಲ್ಲಿ ಸೇವ್ ಮಾಡಬಹುದೇ ಎಂಬುದು.

ನಲವತ್ತರ ಆಸುಪಾಸಿನವರು ಹುಡುಕಿಕೊಂಡು ಬರುವುದು ಬಾಲ್ಯದ ‘ಟಿವಿ ಗೇಮ್’. ಜಪಾನಿನ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳವು. ಮಾರಿಯೊ, ಕಾಂಟ್ರಾ, ಟ್ಯಾಂಕ್, ಬಾತುಕೋಳಿ ಹೊಡೆಯುವ ಬಂದೂಕು. ಕ್ಯಾಸೆಟ್ ಮೇಲೆ 9999 ಆಟ ಎಂದು ಬರೆದಿದ್ದರೂ ಒಳಗೆ ಅವವೇ ಕೆಲವು ಆಟಗಳು ಸುತ್ತುತ್ತಿದ್ದವು. ಅಟ್ಟದಿಂದ ಇಳಿಸಿದ ಪೆಟ್ಟಿಗೆ ಎಲ್‌ಇಡಿ ಟಿವಿಗೆ ಹತ್ತದಿರಲು ಎರಡು ಕಾರಣ. ಮೊದಲನೆಯದು, ಹೊಸ ಟಿವಿಗಳಲ್ಲಿ ಹಳದಿ, ಬಿಳಿ ಬಣ್ಣದ ಎವಿ ತೂತುಗಳೇ ಇಲ್ಲದಿರಬಹುದು. ಅದಕ್ಕೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್ ಬೇಕು. ಎಚ್‌ಡಿಎಂಐನಿಂದ ಎವಿಗೆ ಬದಲಿಸುವ ಡಬ್ಬಿಯೂ ನೋಡಲು ಥೇಟ್ ಹೀಗೇ ಇರುತ್ತದೆ. ಅದನ್ನು ತಂದು ಜೋಡಿಸಿದರೆ ಏನೂ ಬರುವುದಿಲ್ಲ, ಡಬ್ಬಿಯ ಮೇಲಿನ ಇನ್‌ಪುಟ್, ಔಟ್‌ಪುಟ್ ಓದಿಯೇ ಕೊಳ್ಳಿ. ಅದಕ್ಕೆ 5 ವೋಲ್ಟ್ ಯುಎಸ್‌ಬಿ ಕರೆಂಟೂ ಬೇಕು. ಎರಡನೆಯದು, ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳಿಗೆ ಹಿಡಿದ ಕಿಲುಬು. ಆಗೆಲ್ಲ ಬಾಯಿಂದ ಊದುತ್ತಿದ್ದದ್ದು ತಪ್ಪು, ಉಸಿರಿನ ತೇವಕ್ಕೇ ಕಿಲುಬು ಹೆಚ್ಚುತ್ತದೆ. ಹತ್ತಿಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ.

ಬಂದೂಕು ಮಾತ್ರ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುವುದೇ ಇಲ್ಲ, ಬಂದೂಕು ಕೆಟ್ಟಿದೆ ಎಂದುಕೊಳ್ಳಬೇಡಿ. ಬಂದೂಕಿನ ಕುದುರೆ (ಟ್ರಿಗರ್) ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿಂಚುತ್ತದೆ. ಆ ಬೆಳಕನ್ನು ಬಂದೂಕಿನೊಳಗಿನ ಕಣ್ಣು ಹಿಡಿಯಬೇಕು. ಈ ಲೆಕ್ಕವೆಲ್ಲ ಹಳೆಯ ಪಿಕ್ಚರ್ ಟ್ಯೂಬಿನದು. ಎಲ್‌ಇಡಿ ಟಿವಿ ಚಿತ್ರವನ್ನು ಅರೆಕ್ಷಣ ತಡವಾಗಿ ತೋರಿಸುವುದರಿಂದ ಗುರಿ ತಪ್ಪಿತೆಂದೇ ಯಂತ್ರ ಎಣಿಸುತ್ತದೆ. ಮನೆಯಲ್ಲಿ ಹಳೆಯ ಟ್ಯೂಬ್ ಟಿವಿ ಇದ್ದರೆ ಗುಜರಿಗೆ ಹಾಕಬೇಡಿ. ಅಪ್ಪ ಮಗ ಒಟ್ಟಿಗೆ ಕೂತು ಆಡಲು ಅದಕ್ಕಿಂತ ಒಳ್ಳೆಯ ಸಾಮಾನಿಲ್ಲ.

ಇನ್ನು ಅರವತ್ತು ದಾಟಿದವರು. ಇವರ ಬಗ್ಗೆ ಯಾರೂ ಬರೆಯುವುದಿಲ್ಲ, ಆದರೆ ಬರೆಯಲೇಬೇಕು. ಚೌಕಾಬಾರ, ಅಳಗುಳಿ ಮಣೆ ಆಡಿದ ಕೈಗೆ ಲೂಡೊ ಹೊಸದಲ್ಲ. ದೂರದಲ್ಲಿರುವ ಮೊಮ್ಮಕ್ಕಳ ಜೊತೆ ದಿನಕ್ಕೊಂದು ಆಟ ಆಡುವುದು ಅವರಿಗೆ ಎಷ್ಟೋ ಒಳ್ಳೆಯದು. ಚಾಳೀಸು ಬಂದ ಕಣ್ಣಿಗೆ ಫಾಂಟ್ ಮತ್ತು ಡಿಸ್‌ಪ್ಲೇ ಗಾತ್ರ ಎರಡನ್ನೂ ದೊಡ್ಡದು ಮಾಡಿಕೊಡಿ. ‘ಒತ್ತಿದರೂ ಒತ್ತಿಕೊಳ್ಳುವುದಿಲ್ಲ’ ಎಂದರೆ ಬೈಯಬೇಡಿ. ಬೆರಳ ತುದಿ ಒಣಗಿದ್ದರೆ, ಮೇಲೆ ದಪ್ಪ ಗಾಜಿನ ಗಾರ್ಡ್ ಬೇರೆ ಇದ್ದರೆ, ಪರದೆಗೆ ಬೆರಳು ಸಿಗುವುದಿಲ್ಲ. ಕೆಲವು ಫೋನುಗಳಲ್ಲಿ ‘ಟಚ್ ಸೆನ್ಸಿಟಿವಿಟಿ’ ಎಂಬ ಸೆಟ್ಟಿಂಗ್ ಇದೆ, ಆನ್ ಮಾಡಿ. ಇಲ್ಲವಾದರೆ ತೆಳು ಗಾರ್ಡ್ ಹಾಕಿಸಿ.

ಅವರಿಗಿರುವ ನಿಜವಾದ ಅಪಾಯ, ಲೂಡೊ ನಡುವೆ ಬರುವ ‘ಆಡಿ ದುಡ್ಡು ಗೆಲ್ಲಿ’ ಎಂಬ ಆಮಿಷ. ದುಡ್ಡು ಪಣವಿಟ್ಟು ಆಡಿಸುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಪ್ಲೇ ಸ್ಟೋರಿನ ಹೊರಗೆ, ವಾಟ್ಸ್ಆ್ಯಪ್ ಲಿಂಕಿನಿಂದ ಎಪಿಕೆ (ಆ್ಯಪ್ ಹಾಕುವ ಫೈಲ್) ಇಳಿಸಿಕೊಳ್ಳಿ ಎನ್ನುವುದನ್ನು ಮುಟ್ಟಲೇಬೇಡಿ. ಅಂಥ ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಪಡೆದುಕೊಂಡಿತೆಂದರೆ ಒಟಿಪಿ ವಂಚಕರ ಕೈಗೆ ಹೋಯಿತು. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಊಟ, ನಿದ್ದೆ, ಓದು ಎಲ್ಲವನ್ನೂ ಬಿಟ್ಟು, ಕೆಡುತ್ತಿದೆ ಎಂದು ಗೊತ್ತಿದ್ದೂ ಆಟ ನಿಲ್ಲಿಸಲಾಗದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳು ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆ ಎಂದೇ ಗುರುತಿಸುತ್ತದೆ. ಅದಕ್ಕೆ ನಮ್ಮ ಬಳಿ ಮದ್ದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ, ಟೆಲಿ ಮಾನಸ್ ಸಹಾಯವಾಣಿ 14416 ಇದೆ. ವರ್ಷ ತುಂಬಲಿ ಎಂದು ಕಾಯದೆ ಕರೆ ಮಾಡಿ.

ತಮ್ಮ ಪತ್ರಿಕೆಯಲ್ಲಿ ನಮ್ಮದೊಂದು ಬೇಡಿಕೆ. ಇಂಥ ಸುದ್ದಿ ಬರೆಯುವಾಗ ಆಟದ ಹೆಸರೇನು, ಆಡಿದವರ ವಯಸ್ಸೆಷ್ಟು, ದುಡ್ಡು ಕಟ್ಟಿ ಆಡಿದ್ದೋ ಅಲ್ಲವೋ, ಈ ಮೂರನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ. ಸುದ್ದಿ ಓದಿದ ಅಪ್ಪ ಅಮ್ಮನಿಗೆ, ಮನೆಯಲ್ಲಿ ಯಾರ ಫೋನಿನಲ್ಲಿ ಏನು ನೋಡಬೇಕೆಂದು ಆಗ ಗೊತ್ತಾಗುತ್ತದೆ.

– ಗೇಮಿಂಗ್ ಸೆಂಟರ್ ಹಾಗೂ ಮೊಬೈಲ್, ಕಂಪ್ಯೂಟರ್ ರಿಪೇರಿ ಕೆಲಸದವರು, ತುಮಕೂರು