ಕ್ಯಾಲೆಂಡರ್ ಜೋಡಣೆ: ಇಂಪೋರ್ಟ್ ಮಾಡಿದರೆ ಸಿಗುವುದು ನಕಲು ಮಾತ್ರ

ಮಾನ್ಯ ಸಂಪಾದಕರೇ,

ಕಚೇರಿಯ ಸಭೆಗಳು ಮೈಕ್ರೊಸಾಫ್ಟ್‌ನ ಔಟ್‌ಲುಕ್‌ನಲ್ಲಿ, ಮನೆಯ ಕೆಲಸಕಾರ್ಯ ಗೂಗಲ್ ಕ್ಯಾಲೆಂಡರ್‌ನಲ್ಲಿ, ಮನೆಯಲ್ಲೊಬ್ಬರ ಐಫೋನಿನಲ್ಲಿ ಆಪಲ್‌ನ ಐಕ್ಲೌಡ್. ಈಗ ಎಷ್ಟೋ ಮನೆಗಳ ಸ್ಥಿತಿ ಇದು. ಎಲ್ಲವನ್ನೂ ಒಂದೇ ಕಡೆ ನೋಡಬೇಕೆಂದು ಹೊರಟವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಒಂದರಿಂದ ಫೈಲ್ ಇಳಿಸಿಕೊಂಡು ಇನ್ನೊಂದಕ್ಕೆ ‘ಇಂಪೋರ್ಟ್’ ಮಾಡುತ್ತಾರೆ, ಎರಡೂ ಜೋಡಣೆಯಾದವು ಎಂದು ನಂಬುತ್ತಾರೆ. ಪಹಣಿಯ ಪ್ರತಿ ತೆಗೆಸಿಕೊಂಡ ಮೇಲೆ ಕಚೇರಿಯ ದಾಖಲೆಯಲ್ಲಿ ಏನೇ ತಿದ್ದುಪಡಿಯಾದರೂ ಕೈಯಲ್ಲಿರುವ ಕಾಗದ ಬದಲಾಗುವುದಿಲ್ಲವಲ್ಲ, ಇಂಪೋರ್ಟ್ ಕೂಡ ಹಾಗೆಯೇ. ಸಭೆ ಬುಧವಾರದಿಂದ ಗುರುವಾರಕ್ಕೆ ಹೋದರೂ ನಕಲಿನಲ್ಲಿ ಬುಧವಾರವೇ ಉಳಿಯುತ್ತದೆ. ಅದೂ ಮುಖ್ಯ ಕ್ಯಾಲೆಂಡರಿಗೇ ಸುರಿದುಬಿಟ್ಟರೆ ನೂರಾರು ನಮೂದುಗಳನ್ನು ಒಂದೊಂದಾಗಿ ಅಳಿಸುತ್ತಾ ಕೂರಬೇಕು. ಇಂಪೋರ್ಟ್ ಮಾಡಲೇಬೇಕಾದರೆ ಮೊದಲು ಹೊಸದೊಂದು ಖಾಲಿ ಕ್ಯಾಲೆಂಡರ್ ತೆರೆದು ಅದಕ್ಕೆ ಹಾಕಿ. ಬೇಡವೆನಿಸಿದ ದಿನ ಇಡೀ ಕ್ಯಾಲೆಂಡರನ್ನೇ ತೆಗೆದುಹಾಕಬಹುದು.

ಇವುಗಳ ನಡುವೆ ಭಾಷೆಯ ತೊಡಕೇನೂ ಇಲ್ಲ. ನಮೂದುಗಳನ್ನು ಬರೆಯುವ ಐಕ್ಯಾಲೆಂಡರ್ ಎಂಬ ಕ್ರಮ 1998ರಲ್ಲಿ ಆರ್‌ಎಫ್‌ಸಿ (ಅಂತರ್ಜಾಲದ ತಾಂತ್ರಿಕ ನಿಯಮಗಳ ದಾಖಲೆ) 2445 ಆಗಿ ಬಂತು, 2009ರಲ್ಲಿ ಆರ್‌ಎಫ್‌ಸಿ 5545 ಆಗಿ ಪರಿಷ್ಕೃತವಾಯಿತು. ಹೆಸರಿನ ಕೊನೆಗೆ ‘ಐಸಿಎಸ್’ ಎಂದಿರುವ ಫೈಲುಗಳು ಈ ಕ್ರಮದವು. ಗೂಗಲ್, ಮೈಕ್ರೊಸಾಫ್ಟ್, ಆಪಲ್ ಮೂರೂ ಓದುತ್ತವೆ. ತೊಡಕು ಇರುವುದು ಕಟ್ಟುವ ಬಗೆಯಲ್ಲಿ. ಅದರಲ್ಲಿ ಮೂರು ಬಗೆ: ನಕಲು ಹಾಕುವುದು, ಕೊಂಡಿಯ ಮೂಲಕ ಚಂದಾದಾರರಾಗುವುದು, ಖಾತೆಯನ್ನೇ ಸೇರಿಸುವುದು. ಚಂದಾ ಎಂದರೆ ಒಮ್ಮುಖ: ನೋಡಬಹುದು, ತಿದ್ದಲಾಗದು. ಖಾತೆ ಸೇರಿಸಿದರೆ ಎರಡು ಕಡೆಯಿಂದಲೂ ತಿದ್ದಬಹುದು.

ಫೋನಿನಲ್ಲಿ ನೋಡಿದರೆ ಸಾಕು ಎನ್ನುವವರಿಗೆ ಖಾತೆ ಸೇರಿಸುವುದೇ ಸರಿ, ಬೇರೆ ಏನೂ ಬೇಕಿಲ್ಲ. ಐಫೋನಿನಲ್ಲಿ ‘ಸೆಟ್ಟಿಂಗ್ಸ್’, ಅಲ್ಲಿ ‘ಆಪ್ಸ್’, ‘ಕ್ಯಾಲೆಂಡರ್’, ‘ಕ್ಯಾಲೆಂಡರ್ ಅಕೌಂಟ್ಸ್’, ‘ಆ್ಯಡ್ ಅಕೌಂಟ್’ (ಐಒಎಸ್ 18ಕ್ಕಿಂತ ಹಳೆಯದರಲ್ಲಿ ‘ಆಪ್ಸ್’ ಎಂಬ ಮೆಟ್ಟಿಲು ಇರುವುದಿಲ್ಲ). ಗೂಗಲ್ ಅಥವಾ ಔಟ್‌ಲುಕ್ ಆರಿಸಿ ಲಾಗಿನ್ ಆಗಿ. ಮೇಲ್ ಬೇಡವಾದರೆ ಆ ಗುಂಡಿ ಆಫ್ ಮಾಡಿ ಕ್ಯಾಲೆಂಡರ್ ಮಾತ್ರ ಉಳಿಸಿಕೊಳ್ಳಿ. ಆಮೇಲೆ ಮರೆಯದೆ ‘ಡಿಫಾಲ್ಟ್ ಕ್ಯಾಲೆಂಡರ್’ ಯಾವುದೆಂದು ನೋಡಿ. ಫೋನಿನಲ್ಲಿ ಹೊಸದಾಗಿ ಬರೆದದ್ದು ಕಂಪ್ಯೂಟರಿನ ಗೂಗಲ್‌ನಲ್ಲಿ ಕಾಣುತ್ತಿಲ್ಲ ಎಂಬ ದೂರಿಗೆ ಬಹುಪಾಲು ಕಾರಣ ಅದು ಐಕ್ಲೌಡಿಗೆ ಹೋಗಿ ಕೂತಿರುವುದು. ಹಳೆಯ ತಿಂಗಳುಗಳ ನಮೂದು ಕಾಣದಿದ್ದರೆ ಅಳಿಸಿಹೋಯಿತೆಂಬ ಗಾಬರಿ ಬೇಡ. ಅದೇ ಸೆಟ್ಟಿಂಗ್ಸ್‌ನ ‘ಸಿಂಕ್’ನಲ್ಲಿ ಎಷ್ಟು ಹಿಂದಿನವರೆಗೆ ತರಬೇಕು ಎಂಬ ಆಯ್ಕೆ ಇದೆ, ‘ಆಲ್ ಈವೆಂಟ್ಸ್’ ಮಾಡಿ.

ಇನ್ನೊಂದು ಸೂಕ್ಷ್ಮ ‘ಫೆಚ್ ನ್ಯೂ ಡೇಟಾ’ದಲ್ಲಿದೆ. ಅಲ್ಲಿ ‘ಆಟೊಮ್ಯಾಟಿಕಲಿ’ ಎಂದಿದ್ದರೆ ಫೋನ್ ಚಾರ್ಜಿಗೆ ಹಾಕಿ ವೈಫೈನಲ್ಲಿರುವಾಗ ಮಾತ್ರ ಹಿನ್ನೆಲೆಯಲ್ಲಿ ಹೊಸದನ್ನು ತರುತ್ತದೆ. ಹಗಲಿಡೀ ಹೊರಗೆ ಓಡಾಡುವವರಿಗೆ ಇದು ಸಾಲದು. 15 ನಿಮಿಷವೋ 30 ನಿಮಿಷವೋ ಇಟ್ಟುಕೊಳ್ಳಿ. ಗೂಗಲ್‌ನಲ್ಲಿ ಬೇರೆಯವರು ಹಂಚಿದ ಕ್ಯಾಲೆಂಡರ್ ಐಫೋನಿನಲ್ಲಿ ಕಾಣಿಸದಿದ್ದರೆ, ಗೂಗಲ್ ಕ್ಯಾಲೆಂಡರಿನ ‘ಸಿಂಕ್‌ಸೆಲೆಕ್ಟ್’ ಪುಟ ತೆರೆದು ಅದರ ಮುಂದೆ ಗುರುತು ಹಾಕಿ ಉಳಿಸಬೇಕು. ಈ ಪುಟದ ವಿಷಯ ತಿಳಿಯದೆ ಖಾತೆಯನ್ನು ಮತ್ತೆ ಮತ್ತೆ ತೆಗೆದು ಹಾಕುವವರು ಬಹಳ.

ಆಂಡ್ರಾಯ್ಡ್ ಫೋನಿಗೆ ಗೂಗಲ್ ಸಲೀಸು, ಐಕ್ಲೌಡ್ ಕಷ್ಟ. ಫೋನಿಗೂ ಸರ್ವರಿಗೂ ನಡುವೆ ಕ್ಯಾಲೆಂಡರ್ ಹೊಂದಿಸಲು ಆಪಲ್ ಬಳಸುವ ಕ್ಯಾಲ್‌ಡ್ಯಾವ್ ವಿಧಾನ (ಆರ್‌ಎಫ್‌ಸಿ 4791, 2007) ಆಂಡ್ರಾಯ್ಡ್‌ನೊಳಗೆ ಇಲ್ಲ. ಡ್ಯಾವ್‌ಎಕ್ಸ್5 ಎಂಬ ಆಪ್ ಆ ಕೊರತೆ ತುಂಬುತ್ತದೆ. ಅದಕ್ಕೆ ಆಪಲ್ ಖಾತೆಯ ಮಾಮೂಲಿ ಪಾಸ್‌ವರ್ಡ್ ನಡೆಯದು. ಆಪಲ್ ಖಾತೆಯ ಪುಟದಲ್ಲಿ ‘ಆಪ್-ಸ್ಪೆಸಿಫಿಕ್ ಪಾಸ್‌ವರ್ಡ್’ ಎಂದು ಪ್ರತ್ಯೇಕವಾಗಿ ಮಾಡಿಸಿಕೊಳ್ಳಬೇಕು, ನಾಲ್ಕು ನಾಲ್ಕು ಅಕ್ಷರದ ನಾಲ್ಕು ಗುಂಪಾಗಿ ಬರುತ್ತದೆ. ಮುಂದೆ ಎಂದಾದರೂ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಈ ಪಾಸ್‌ವರ್ಡುಗಳೆಲ್ಲ ತಾವಾಗಿಯೇ ರದ್ದಾಗುತ್ತವೆ. ವರ್ಷಗಟ್ಟಲೆ ಸರಿಯಿದ್ದದ್ದು ಒಂದು ದಿನ ಇದ್ದಕ್ಕಿದ್ದಂತೆ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಇನ್ನು ಚಂದಾ. ಗೂಗಲ್‌ನದನ್ನು ಔಟ್‌ಲುಕ್‌ನಲ್ಲಿ ನೋಡಬೇಕೆ? ಕಂಪ್ಯೂಟರಿನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು ‘ಸೆಟ್ಟಿಂಗ್ಸ್’ಗೆ ಹೋಗಿ, ಎಡಗಡೆ ಆ ಕ್ಯಾಲೆಂಡರಿನ ಹೆಸರು ಒತ್ತಿ, ‘ಇಂಟಿಗ್ರೇಟ್ ಕ್ಯಾಲೆಂಡರ್’ ಎಂಬಲ್ಲಿಗೆ ಇಳಿಯಿರಿ. ಅಲ್ಲಿ ಪಬ್ಲಿಕ್ ವಿಳಾಸ, ಸೀಕ್ರೆಟ್ ವಿಳಾಸ ಎರಡೂ ಇರುತ್ತವೆ. ಪಬ್ಲಿಕ್ ವಿಳಾಸ ಕೆಲಸ ಮಾಡುವುದು ಕ್ಯಾಲೆಂಡರನ್ನು ಎಲ್ಲರಿಗೂ ತೆರೆದಿಟ್ಟಿದ್ದರೆ ಮಾತ್ರ. ನಕಲಿಸಬೇಕಾದದ್ದು ಐಕ್ಯಾಲ್ ರೂಪದ ‘ಸೀಕ್ರೆಟ್ ಅಡ್ರೆಸ್’. ಔಟ್‌ಲುಕ್‌ನಲ್ಲಿ ‘ಆ್ಯಡ್ ಕ್ಯಾಲೆಂಡರ್’, ‘ಸಬ್‌ಸ್ಕ್ರೈಬ್ ಫ್ರಮ್ ವೆಬ್’ ಎಂದು ಹೋಗಿ ಅಂಟಿಸಿ. ಪಕ್ಕದಲ್ಲೇ ‘ಅಪ್‌ಲೋಡ್ ಫ್ರಮ್ ಫೈಲ್’ ಇದೆ, ಅದು ಮತ್ತೆ ನಕಲಿನ ದಾರಿ.

ಔಟ್‌ಲುಕ್‌ನಿಂದ ಗೂಗಲ್‌ಗಾದರೆ ವೆಬ್ ಔಟ್‌ಲುಕ್‌ನ ಸೆಟ್ಟಿಂಗ್ಸ್‌ನಲ್ಲಿ ‘ಕ್ಯಾಲೆಂಡರ್’, ‘ಶೇರ್ಡ್ ಕ್ಯಾಲೆಂಡರ್ಸ್’, ‘ಪಬ್ಲಿಷ್ ಎ ಕ್ಯಾಲೆಂಡರ್’. ಎಷ್ಟು ವಿವರ ತೋರಿಸಬೇಕೆಂದು ಆರಿಸಿ ‘ಪಬ್ಲಿಷ್’ ಒತ್ತಿದರೆ ಎಚ್‌ಟಿಎಂಎಲ್, ಐಸಿಎಸ್ ಎಂಬ ಎರಡು ಕೊಂಡಿ ಸಿಗುತ್ತವೆ. ಬೇಕಾದದ್ದು ಐಸಿಎಸ್, ಎಚ್‌ಟಿಎಂಎಲ್ ಬ್ರೌಸರಿನಲ್ಲಿ ಕಣ್ಣಿಂದ ನೋಡುವುದಕ್ಕೆ. ಅದನ್ನು ಗೂಗಲ್‌ನಲ್ಲಿ ‘ಅದರ್ ಕ್ಯಾಲೆಂಡರ್ಸ್’ ಪಕ್ಕದ ಕೂಡಿಸು ಗುರುತು ಒತ್ತಿ ‘ಫ್ರಮ್ ಯುಆರ್‌ಎಲ್’ನಲ್ಲಿ ಹಾಕಬೇಕು. ಫೋನಿನ ಗೂಗಲ್ ಆಪ್‌ನಲ್ಲಿ ಈ ಆಯ್ಕೆ ಇಲ್ಲ, ಹುಡುಕಿ ಸುಸ್ತಾಗಬೇಡಿ. ಕಂಪ್ಯೂಟರಿನಲ್ಲಿ ಒಮ್ಮೆ ಹಾಕಿದರೆ ಫೋನಿಗೂ ಬರುತ್ತದೆ. ಕಂಪನಿಯ ಖಾತೆಗಳಲ್ಲಿ ‘ಪಬ್ಲಿಷ್’ ಆಯ್ಕೆಯನ್ನು ಐಟಿ ವಿಭಾಗ ಮುಚ್ಚಿರಬಹುದು. ಅಡ್ಡದಾರಿ ಹಿಡಿಯದೆ ಅವರನ್ನೇ ಕೇಳುವುದು ಒಳ್ಳೆಯದು. ಐಕ್ಲೌಡ್ ಕೊಡುವ ಕೊಂಡಿ ‘ವೆಬ್‌ಕ್ಯಾಲ್’ ಎಂದು ಶುರುವಾಗುತ್ತದೆ, ಬೇರೆ ಕಡೆ ಒಪ್ಪದಿದ್ದರೆ ಆ ಪದದ ಜಾಗದಲ್ಲಿ ‘ಎಚ್‌ಟಿಟಿಪಿಎಸ್’ ಎಂದು ಬರೆದು ನೋಡಿ.

ಚಂದಾ ಕೂಡ ಕ್ಷಣಕ್ಷಣಕ್ಕೂ ಹೊಸದಾಗುವುದಿಲ್ಲ. ಕೊಂಡಿಯಿಂದ ಸೇರಿಸಿದ್ದರಲ್ಲಿ ಬದಲಾವಣೆ ಕಾಣಿಸಲು 12 ಗಂಟೆಯವರೆಗೆ ಬೇಕಾಗಬಹುದು ಎಂದು ಗೂಗಲ್ ತಾನೇ ಹೇಳುತ್ತದೆ. ಮೈಕ್ರೊಸಾಫ್ಟ್ ಸುಮಾರು 3 ಗಂಟೆಗೊಮ್ಮೆ ಎಂದರೂ 24 ಗಂಟೆ ಮೀರಬಹುದು ಎನ್ನುತ್ತದೆ. ಮ್ಯಾಕ್ ಕಂಪ್ಯೂಟರಿನ ಕ್ಯಾಲೆಂಡರ್ ಮಾತ್ರ 5 ನಿಮಿಷಕ್ಕೊಮ್ಮೆ ನೋಡು ಎಂದು ಹೇಳಲು ಬಿಡುತ್ತದೆ. ಹಾಗಾಗಿ ರಜೆ ಪಟ್ಟಿ, ಪರೀಕ್ಷೆ ವೇಳಾಪಟ್ಟಿ, ಪಂದ್ಯಗಳ ಪಟ್ಟಿಗೆ ಚಂದಾ ಹೇಳಿಮಾಡಿಸಿದ್ದು. ಇವತ್ತು ಮಧ್ಯಾಹ್ನದ ಡಾಕ್ಟರ್ ಭೇಟಿ ಮುಂದೆ ಹೋದದ್ದು ಸಂಜೆಯೊಳಗೆ ತಿಳಿಯಬೇಕಾದರೆ ಅದನ್ನು ನಂಬಬಾರದು, ಅಲ್ಲಿ ಖಾತೆಯನ್ನೇ ಸೇರಿಸಿಕೊಳ್ಳಬೇಕು.

ಕಚೇರಿಯಲ್ಲಿರುವವರು ಇನ್ನೊಂದು ವಿಷಯ ತಿಳಿದಿರಲೇಬೇಕು. ಮನೆಯ ಗೂಗಲ್ ಕ್ಯಾಲೆಂಡರನ್ನು ಔಟ್‌ಲುಕ್‌ಗೆ ಚಂದಾ ಮಾಡಿದರೆ ಅದು ನಿಮ್ಮ ಕಣ್ಣಿಗಷ್ಟೇ ಕಾಣುತ್ತದೆ. ಸಹೋದ್ಯೋಗಿ ಸಭೆ ಗೊತ್ತುಮಾಡಲು ನೋಡಿದಾಗ ಆ ಹೊತ್ತು ಖಾಲಿ ಎಂದೇ ತೋರುತ್ತದೆ. ಮಗುವಿನ ಶಾಲೆಯ ಪೋಷಕರ ಸಭೆ 4 ಗಂಟೆಗಿದ್ದರೆ ಕಚೇರಿಯ ಕ್ಯಾಲೆಂಡರಿನಲ್ಲೂ ಆ ಒಂದು ಗಂಟೆಗೆ ‘ಬ್ಯುಸಿ’ ಎಂದು ಬೇರೆಯಾಗಿ ಹಾಕಬೇಕು. ಈ ಕೆಲಸ ತಾನಾಗಿ ಮಾಡಿಕೊಡುವ ಸೇವೆಗಳಿವೆ, ಆದರೆ ಅವಕ್ಕೆ ಎರಡೂ ಖಾತೆಯ ಓದು-ಬರಹದ ಹಕ್ಕು ಕೊಡಬೇಕಾಗುತ್ತದೆ. ಅಂಥ ಸೇವೆ ಎರಡನ್ನು ಒಟ್ಟಿಗೆ ಹಾಕಿದರೆ ಒಂದರ ನಕಲನ್ನು ಇನ್ನೊಂದು ಹೊಸದೆಂದು ತಿಳಿದು ಮತ್ತೆ ನಕಲಿಸಿ, ಒಂದು ಸಭೆ ಎಂಟಾಗುತ್ತದೆ. ಒಂದೇ ಹಾಕಿ, ಖಾಲಿ ಕ್ಯಾಲೆಂಡರಿನಲ್ಲಿ ಒಂದು ನಮೂದು ಬರೆದು, ಒಂದು ದಿನ ಕಾದು ನೋಡಿ, ಆಮೇಲೆ ಮುಂದುವರಿಯಿರಿ.

ಸೀಕ್ರೆಟ್ ವಿಳಾಸದ ಬಗ್ಗೆ ಕಳಕಳಿಯಿಂದ ಹೇಳಬೇಕಾಗಿದೆ. ಅದಕ್ಕೆ ಪಾಸ್‌ವರ್ಡ್ ಇಲ್ಲ, ಕೊಂಡಿ ಇದ್ದವರಿಗೆಲ್ಲ ಎಲ್ಲ ವಿವರ ತೆರೆದಿರುತ್ತದೆ: ಯಾವ ಆಸ್ಪತ್ರೆಗೆ ಎಷ್ಟು ಹೊತ್ತಿಗೆ, ಊರಿಗೆ ಹೋಗಿ ಮನೆ ಬೀಗ ಹಾಕಿರುವುದು ಯಾವತ್ತಿನಿಂದ ಯಾವತ್ತಿನವರೆಗೆ, ಎಲ್ಲವೂ. ಅದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಕೈತಪ್ಪಿ ಹೋಗಿದ್ದರೆ ಅದೇ ಜಾಗದಲ್ಲಿರುವ ‘ರೀಸೆಟ್’ ಒತ್ತಿದರೆ ಹಳೆಯ ಕೊಂಡಿ ಸತ್ತು ಹೊಸದು ಬರುತ್ತದೆ. ಮನೆಯವರಿಗೆ ತೋರಿಸಬೇಕಾದರೆ ಅವರ ಇಮೇಲ್ ಹಾಕಿ ಹಂಚುವ ದಾರಿ ಬೇರೆ ಇದೆ.

ಈಗ ಸಾರ್ವಜನಿಕವಾಗಿ ಕೇಳಬೇಕಾದ ಮಾತು. ಸರ್ಕಾರಿ ರಜೆ ಪಟ್ಟಿ, ಶಾಲೆ-ಕಾಲೇಜುಗಳ ವಾರ್ಷಿಕ ವೇಳಾಪಟ್ಟಿ, ಜಾತ್ರೆ-ರಥೋತ್ಸವದ ದಿನಗಳು, ತಮ್ಮಂಥ ಪತ್ರಿಕೆಗಳು ಕೊಡುವ ಹಬ್ಬಗಳ ಪಟ್ಟಿ ಜನರಿಗೆ ತಲುಪುವುದು ಚಿತ್ರವಾಗಿ ಇಲ್ಲವೇ ಪಿಡಿಎಫ್ ಆಗಿ. ಅದನ್ನು ನೋಡಿಕೊಂಡು ಪ್ರತಿಯೊಬ್ಬರೂ ಕೈಯಿಂದ ಬರೆದುಕೊಳ್ಳುತ್ತಾರೆ. ಕೆಲವರು ಯುಗಾದಿಗೆ ‘ಪ್ರತಿ ವರ್ಷ ಮರುಕಳಿಸು’ ಎಂದು ಹಾಕಿಬಿಡುತ್ತಾರೆ. ಯುಗಾದಿ 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಈ ಆಪ್‌ಗಳ ಮರುಕಳಿಕೆಗೆ ತಿಥಿಯ ಲೆಕ್ಕ ಗೊತ್ತಿಲ್ಲ. ಚಂದ್ರದರ್ಶನದಂತೆ ರಂಜಾನ್ ರಜೆ ಒಂದು ದಿನ ಆಚೀಚೆ ಆದಾಗ ಚಿತ್ರವನ್ನು ಯಾರೂ ತಿದ್ದಲಾರರು. ಇದೇ ಪಟ್ಟಿಯನ್ನು ಐಸಿಎಸ್ ಕೊಂಡಿಯಾಗಿ ಕೊಟ್ಟರೆ ಪ್ರಕಟಿಸಿದವರು ಒಮ್ಮೆ ತಿದ್ದಿದರೆ ಸಾಕು, ಚಂದಾದಾರರ ಫೋನಿನಲ್ಲೆಲ್ಲ ತಿದ್ದಿಕೊಳ್ಳುತ್ತದೆ.

ಹಾಗೆ ಕೊಡುವವರು ಕೆಲವನ್ನು ಜೋಪಾನ ಮಾಡಬೇಕು. ರಜೆ ಇಡೀ ದಿನದ್ದು, ಅದನ್ನು ಬರೀ ದಿನಾಂಕವಾಗಿಯೇ ಬರೆಯಬೇಕು. ರಾಜ್ಯೋತ್ಸವವನ್ನು ನವೆಂಬರ್ 1ರ 00:00 ಎಂದು ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಹೊತ್ತಿನಲ್ಲಿ ಬರೆದರೆ ನಮ್ಮ ಗಡಿಯಾರ ಐದೂವರೆ ಗಂಟೆ ಮುಂದಿರುವುದರಿಂದ ಇಲ್ಲಿ ಅದು 1ರ ಬೆಳಿಗ್ಗೆ 5:30ರಿಂದ 2ರ ಬೆಳಿಗ್ಗೆ 5:30ರವರೆಗೆ ಎಂದು ಎರಡು ದಿನಕ್ಕೆ ಚಾಚಿಕೊಳ್ಳುತ್ತದೆ. ಕೊನೆಯ ದಿನಾಂಕ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದು ಈ ಕ್ರಮದ ನಿಯಮ: ದಸರಾ ರಜೆ 3ರಿಂದ 19ರವರೆಗೆ ಇದ್ದರೆ ಕೊನೆಯೆಂದು 20 ಬರೆಯಬೇಕು, ಇಲ್ಲವಾದರೆ ಮಕ್ಕಳಿಗೆ ಒಂದು ದಿನ ಕಡಿಮೆ ತೋರುತ್ತದೆ. ಹೊತ್ತು ಬರೆಯುವಲ್ಲಿ ‘ಐಎಸ್‌ಟಿ’ ಎಂದಷ್ಟೇ ಬರೆಯದೆ ‘ಏಷ್ಯಾ/ಕೋಲ್ಕತಾ’ ಎಂಬ ವಲಯದ ಹೆಸರು ಕೊಡಿ. ಇಸ್ರೇಲಿನವರೂ ಅದೇ ಮೂರಕ್ಷರ ಬಳಸುತ್ತಾರೆ. ಅಮೆರಿಕದ ಕಚೇರಿ ಕರೆದ ಸಭೆಗಳಲ್ಲೂ ವಲಯದ್ದೇ ತೊಡಕು. ನ್ಯೂಯಾರ್ಕಿನ ಬೆಳಿಗ್ಗೆ 8:30 ಚಳಿಗಾಲದಲ್ಲಿ ನಮಗೆ ಸಂಜೆ 7, ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಸಂಜೆ 6. ಆಹ್ವಾನವನ್ನು ಒಪ್ಪಿಕೊಳ್ಳದೆ ‘ಪ್ರತಿ ಸೋಮವಾರ 7’ ಎಂದು ಕೈಯಿಂದ ಬರೆದುಕೊಂಡವರು ಎಂಟು ತಿಂಗಳು ಒಂದು ಗಂಟೆ ತಡ.

ಕನ್ನಡಕ್ಕೇ ಸಂಬಂಧಿಸಿದ ತೊಂದರೆಯೊಂದಿದೆ. ಐಸಿಎಸ್ ಫೈಲಿನ ಒಂದು ಸಾಲು 75 ಬೈಟ್ (ಕಂಪ್ಯೂಟರಿನಲ್ಲಿ ಬರಹದ ಗಾತ್ರ ಅಳೆಯುವ ಮಾನ) ಮೀರಬಾರದು, ಮೀರಿದರೆ ಮಡಚಿ ಮುಂದಿನ ಸಾಲಿಗೆ ಒಯ್ಯಬೇಕು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಎಂಬ ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ‘ಕ್ಷಿ’ ಬರೆಯಲು ನಾಲ್ಕು ಚಿಹ್ನೆ, ಅಂದರೆ 12 ಬೈಟ್. ಶೀರ್ಷಿಕೆಯ ಸಾಲು ‘ಸಮ್ಮರಿ’ ಎಂಬ ಇಂಗ್ಲಿಷ್ ಪದ, ಅದರ ಮುಂದಿನ ಚುಕ್ಕೆಜೋಡಿ ಸೇರಿ 8 ಬೈಟಿನಿಂದ ಶುರುವಾಗುತ್ತದೆ. ಉಳಿದ 67ರಲ್ಲಿ 22 ಚಿಹ್ನೆ ಹಿಡಿದು ಒಂದು ಬೈಟ್ ಮಿಗುತ್ತದೆ. ಬೈಟ್ ಎಣಿಸಿ ಕುರುಡಾಗಿ ಕತ್ತರಿಸುವ ತಂತ್ರಾಂಶ ಇಪ್ಪತ್ತಮೂರನೆಯ ಚಿಹ್ನೆಯನ್ನೇ ಸೀಳುತ್ತದೆ, ಹೆಸರಿನ ನಡುವೆ ಪ್ರಶ್ನಾರ್ಥಕವಿರುವ ಕಪ್ಪು ವಜ್ರಾಕೃತಿ ಮೂಡಬಹುದು. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಇದು ಎಂದೂ ಕಾಣದು. ಪ್ರಕಟಿಸುವ ಮುನ್ನ ಉದ್ದನೆಯ ಕನ್ನಡ ಶೀರ್ಷಿಕೆಯೊಂದನ್ನು ಹಾಕಿ ಮೂರೂ ಕಡೆ ತೆರೆದು ನೋಡಬೇಕು. ಪಟ್ಟಿಯನ್ನು ಗೂಗಲ್‌ಗೆ ಹಾಕಲು ಎಕ್ಸೆಲ್‌ನಿಂದ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಟ್ಟಿಯ ಫೈಲ್) ಮಾಡುವವರು ‘ಸಿಎಸ್‌ವಿ ಯುಟಿಎಫ್-8’ ಎಂದೇ ಉಳಿಸಬೇಕು, ದಿನಾಂಕದಲ್ಲಿ ಗೂಗಲ್‌ನ ಮಾದರಿಯಂತೆ ತಿಂಗಳನ್ನು ಮೊದಲು ಬರೆಯಬೇಕು. ನಮ್ಮ ರೂಢಿಯ 05/06 ಅಲ್ಲಿ ಮೇ 6 ಆಗಿಬಿಡಬಹುದು.

ತಮ್ಮ ಪತ್ರಿಕೆ ಹಬ್ಬ-ರಜೆಗಳ ಪಟ್ಟಿಯನ್ನು ಈ ರೂಪದಲ್ಲೂ ಕೊಡಲು ಮುಂದಾಗಬೇಕೆಂದು ಕೋರುತ್ತೇನೆ. ಕೊಂಡಿಯ ವಿಳಾಸ ವರ್ಷ ಬದಲಾದರೂ ಬದಲಾಗದಿರಲಿ, ಅದೇ ವಿಳಾಸದಲ್ಲಿ ಹೊಸ ಫೈಲ್ ಬರಲಿ. ಪ್ರತಿ ನಮೂದಿಗೂ ಇರುವ ಯುಐಡಿ ಎಂಬ ಗುರುತನ್ನು ತಿದ್ದುವಾಗ ಹಾಗೆಯೇ ಉಳಿಸಿಕೊಳ್ಳಬೇಕು. ಅದು ಬದಲಾದರೆ, ಹಳೆಯ ಫೈಲನ್ನು ಮೊದಲೇ ಇಂಪೋರ್ಟ್ ಮಾಡಿಕೊಂಡವರು ತಿದ್ದಿದ್ದನ್ನು ಮತ್ತೆ ಇಂಪೋರ್ಟ್ ಮಾಡಿದಾಗ ಅವರ ಫೋನಿನಲ್ಲಿ ಗಣೇಶ ಚತುರ್ಥಿ ಎರಡೆರಡು ಸಲ ಬರುತ್ತದೆ.

ಇಂತಿ,
ಕಚೇರಿಗಳ ಇಮೇಲ್ ಮತ್ತು ಕ್ಯಾಲೆಂಡರ್ ವ್ಯವಸ್ಥೆ ನೋಡಿಕೊಳ್ಳುವ ಓದುಗ,
ಮೈಸೂರು