ಹೀಯಾಳಿಕೆಗೆ ‘ಡಾರ್ಕ್ ಕಾಮಿಡಿ’ ಎಂಬ ಹಣೆಪಟ್ಟಿ ಬೇಡ

ಮಾನ್ಯ ಸಂಪಾದಕರೇ,

ಎಸ್‌ಎಂಎ ಎಂಬ ಸ್ನಾಯು ಕ್ಷೀಣಿಸುವ ಆನುವಂಶಿಕ ಕಾಯಿಲೆಯಿರುವ ಕೂಸಿಗೆ ಬೇಕಾದ, ಸುಮಾರು 16 ಕೋಟಿ ರೂಪಾಯಿಯ ಚುಚ್ಚುಮದ್ದು ಕೂಡ ಸ್ಟ್ಯಾಂಡ್‌ಅಪ್ ವೇದಿಕೆಯಲ್ಲಿ ನಗೆಯ ಸರಕಾಯಿತು. ವಿಷಯ ಸುಪ್ರೀಂ ಕೋರ್ಟ್‌ ಮೆಟ್ಟಿಲೇರಿ, ಹಾಸ್ಯಗಾರರು ತಮ್ಮ ಚಾನೆಲ್‌ಗಳಲ್ಲೇ ಕ್ಷಮೆ ಕೇಳಬೇಕೆಂದು 2025ರ ಆಗಸ್ಟ್‌ನಲ್ಲಿ ಸೂಚನೆ ಬಂತು. ಇಷ್ಟಾದರೂ ಕುಂಟುವವರ ನಡಿಗೆ, ತೊದಲುವವರ ಮಾತು, ಆಟಿಸಂ ಇರುವ ಮಕ್ಕಳು ಕೈ ಆಡಿಸುವ ರೀತಿಯನ್ನು ಅಣಕಿಸುವ ರೀಲ್ಸ್ ಕನ್ನಡದಲ್ಲೂ ಹರಿದಾಡುತ್ತಿವೆ.

ಕಷ್ಟದ ಬಗ್ಗೆ ನಗಬಾರದೆಂದಲ್ಲ. ಅಂಗವೈಕಲ್ಯದ ಬದುಕನ್ನು ಅರ್ಥಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಕುಗ್ಗಿಸುವ ಹಾಸ್ಯ ಬೇರೆ ಎಂದು ಅಂಗವಿಕಲರ ಹಕ್ಕುಗಳ ಹೋರಾಟಗಾರ ನಿಪುಣ್ ಮಲ್ಹೋತ್ರಾ ಸಿನಿಮಾವೊಂದರ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲೇ ಹೇಳಿದೆ. ರ‍್ಯಾಂಪ್ ಇಲ್ಲದ ಬ್ಯಾಂಕನ್ನು ಗಾಲಿಕುರ್ಚಿಯಲ್ಲಿ ಕೂತವರು ಗೇಲಿ ಮಾಡಿದರೆ ಅದು ‘ಡಾರ್ಕ್ ಕಾಮಿಡಿ’, ಅಂದರೆ ಕಟುಹಾಸ್ಯ. ಗಾಲಿಕುರ್ಚಿಯಲ್ಲಿ ಕೂತವರನ್ನೇ ಗೇಲಿ ಮಾಡಿದರೆ ಬರೀ ಅವಮಾನ.

‘ಜೋಕ್‌ನಿಂದ ಯಾರಿಗೇನು ನಷ್ಟ?’ ಎನ್ನುವವರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಫೋರ್ಡ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಉತ್ತರವಿದೆ. ಹೆಂಗಸರನ್ನು ಹೀಯಾಳಿಸುವ ಹಾಸ್ಯ ನೋಡಿದ ಮೇಲೆ, ಸಂಘಟನೆಗಳ ಅನುದಾನ ಕಡಿತಗೊಳಿಸಲು ಹೇಳಿದಾಗ, ಮೊದಲೇ ಅಂಥ ಧೋರಣೆಯಿದ್ದ ಗಂಡಸರು ಮಹಿಳಾ ಸಂಘಟನೆಯ ಅನುದಾನಕ್ಕೆ ಹೆಚ್ಚು ಕತ್ತರಿ ಹಾಕಿದರು. ಒಳಗೆ ಅದುಮಿಟ್ಟಿದ್ದ ತಾತ್ಸಾರಕ್ಕೆ ಸುತ್ತಲಿನ ನಗುವೇ ಒಪ್ಪಿಗೆಯಾಗುತ್ತದೆ. ರೀಲ್ಸ್‌ನ ಮಾತು ತರಗತಿಯಲ್ಲಿ ಅಡ್ಡಹೆಸರಾಗುವುದೂ, ತೊದಲುವ ಮಗು ಉತ್ತರ ಗೊತ್ತಿದ್ದರೂ ಕೈಯೆತ್ತದಿರುವುದೂ ಹೀಗೆಯೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ, ಅಂಗವಿಕಲರನ್ನು ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡ. ‘ಬೇಕೆಂದೇ’ ಎಂಬುದನ್ನು ತೋರಿಸಲಾಗದೆ ದೂರುಗಳು ಸೊರಗುತ್ತವೆ. ಒಂದು ಸ್ಕ್ರೀನ್‌ಶಾಟ್ ಇದಕ್ಕೆ ಸಾಲದು. ವಿಡಿಯೊದ ಪೂರ್ತಿ ಲಿಂಕ್, ಚಾನೆಲ್ ಹೆಸರು, ಆ ಮಾತು ಬರುವ ನಿಮಿಷ-ಸೆಕೆಂಡ್, ಶೀರ್ಷಿಕೆ, ಆಕ್ಷೇಪಿಸಿದವರಿಗೆ ವಿಡಿಯೊ ಮಾಡಿದವರು ಕೊಟ್ಟ ಉತ್ತರ ಇವೆಲ್ಲ ಬೇಕು. ರಿಪೋರ್ಟ್ ಮಾಡುವ ಮೊದಲೇ ಸ್ಕ್ರೀನ್ ರೆಕಾರ್ಡಿಂಗ್ ಮಾಡಿಡಿ, ವಿಡಿಯೊ ಅಳಿಸಿಹೋದರೆ ಸಾಕ್ಷ್ಯವೂ ಹೋಗುತ್ತದೆ. ಮುಂದಿನ ಹೆಜ್ಜೆ ವಿಡಿಯೊ ಇರುವ ಜಾಲತಾಣದ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯುವುದು. ದೂರು ತಲುಪಿದ್ದನ್ನು ಅವರು 24 ಗಂಟೆಯೊಳಗೆ ತಿಳಿಸಬೇಕು. ತೀರ್ಮಾನ ಸರಿಯೆನಿಸದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ರಾಜ್ಯ ಅಂಗವಿಕಲರ ಆಯುಕ್ತರಿಗೂ ಒಂದು ಪ್ರತಿ ಕಳಿಸಿ.

ದಯವಿಟ್ಟು ‘ಇದನ್ನು ಖಂಡಿಸಿ’ ಎಂದು ಬರೆದು ಆ ವಿಡಿಯೊವನ್ನೇ ಗ್ರೂಪುಗಳಿಗೆ ಹಂಚಬೇಡಿ. ಸಿಟ್ಟಿನಿಂದ ನೋಡಿದರೂ ಅದು ಅವರ ವೀಕ್ಷಣೆಯ ಲೆಕ್ಕಕ್ಕೇ ಸೇರುತ್ತದೆ.

ಕಾಲೇಜು ಉತ್ಸವಗಳ ಸಂಘಟಕರಲ್ಲೂ ಒಂದು ವಿನಂತಿ. ಸ್ಕಿಟ್‌ಗಳ ಬರಹ ಓದಿ ಒಪ್ಪಿಗೆ ಕೊಟ್ಟು ಸುಮ್ಮನಾಗಬೇಡಿ. ಹಾಳೆಯ ಮೇಲೆ ಮಾತು ಸರಿಯಾಗಿಯೇ ಇರುತ್ತದೆ, ಅಣಕ ಇರುವುದು ನಡಿಗೆಯಲ್ಲಿ, ದನಿಯಲ್ಲಿ. ಒಂದು ರಿಹರ್ಸಲ್ ಪೂರ್ತಿ ನೋಡಿ, ಸಾಧ್ಯವಾದರೆ ಕಾಲೇಜಿನ ಅಂಗವಿಕಲ ವಿದ್ಯಾರ್ಥಿಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.

– ವಿಶೇಷ ಶಿಕ್ಷಕರು, ಮೈಸೂರು