ಗೆಳೆಯನಿಗೊಂದು ಪತ್ರ: ದ್ವೀಪದ ವಾರಪತ್ರಿಕೆ, ನಿನ್ನ ತಂದೆ ಮತ್ತು ನಾನು

ಪ್ರಿಯ ಗೆಳೆಯ,

ನಿನಗೊಬ್ಬನಿಗೇ ಬರೆಯಬೇಕಾದುದನ್ನು ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಗುಟ್ಟಾಗಿ ಬರೆದರೆ ಅರ್ಧಕ್ಕೇ ನಿಲ್ಲಿಸಿಬಿಡುವೆನೆಂಬ ಭಯ.

ಎರಡು ವಾರಗಳಿಂದ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ಪತ್ರಿಕೆಗಳ ಬಗ್ಗೆ ಓದುತ್ತಿದ್ದೇನೆ. ಎಲ್ಲ ದ್ವೀಪಗಳೂ ಸೇರಿ ಅಲ್ಲಿರುವುದು ಸುಮಾರು 22,000 ಜನ. ಆದರೂ 1854ರಲ್ಲಿ ಕರ್ಕ್‌ವಾಲ್ ಪಟ್ಟಣದಲ್ಲಿ ಆರಂಭವಾದ 'ದಿ ಆರ್ಕೇಡಿಯನ್' ಇಂದಿಗೂ ಪ್ರತಿ ಗುರುವಾರ ಬರುತ್ತದೆ. ಅದೇ ವರ್ಷ ಆರ್ಕ್ನಿಯ ಅನ್ವೇಷಕ ಜಾನ್ ರೇ, ಆರ್ಕ್ಟಿಕ್‌ನಲ್ಲಿ ಕಣ್ಮರೆಯಾದ ಬ್ರಿಟಿಷ್ ನೌಕಾಧಿಕಾರಿ ಫ್ರಾಂಕ್ಲಿನ್‌ನ ತಂಡದವರು ಹಸಿವು ತಾಳಲಾರದೆ ಸತ್ತವರನ್ನೇ ತಿಂದರೆಂದು ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನರಿಂದ ಕೇಳಿದ್ದನ್ನು ಲಂಡನ್ನಿಗೆ ತಿಳಿಸಿ, ಅಲ್ಲಿನ ದೊಡ್ಡವರ ಕೋಪಕ್ಕೆ ಗುರಿಯಾದ. ಅವನಿಗೆ ನೈಟ್ ಪದವಿ ಸಿಗಲೇ ಇಲ್ಲ. ಕರ್ಕ್‌ವಾಲಿನ ಸೇಂಟ್ ಮ್ಯಾಗ್ನಸ್ ಕೆಥೆಡ್ರಲ್ ಮಾತ್ರ, ಬಂದೂಕನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿರುವ ಅವನ ಪ್ರತಿಮೆಗೆ ಜಾಗ ಕೊಟ್ಟಿದೆ.

ಆದರೆ ನನ್ನ ನಿದ್ದೆ ಕೆಡಿಸಿದವರು ಕವಿ ಜಾರ್ಜ್ ಮೆಕೈ ಬ್ರೌನ್. 1921ರಲ್ಲಿ ಸ್ಟ್ರೋಮ್ನೆಸ್ ಎಂಬ ಬಂದರಿನಲ್ಲಿ ಹುಟ್ಟಿದ ಅವರು, ಕ್ಷಯರೋಗದೊಂದಿಗೆ ಹೆಣಗುತ್ತಲೇ 1944ರಿಂದ 'ಆರ್ಕ್ನಿ ಹೆರಾಲ್ಡ್' ಪತ್ರಿಕೆಗೆ ಊರಿನ ಸುದ್ದಿ ಬರೆದರು. 1961ರಲ್ಲಿ ಅದು ನಿಂತುಹೋಯಿತು. ಮುಂದೆ 1971ರಿಂದ ಆರ್ಕೇಡಿಯನ್ನಿಗೆ ವಾರದ ಅಂಕಣ ಬರೆಯತೊಡಗಿದರು. ಸ್ಟ್ರೋಮ್ನೆಸ್ಸಿನ ಹಳೆಯ ಹೆಸರು ಹ್ಯಾಮ್ನವೋ, ಅಲ್ಲಿಂದ ಬಂದ ಪತ್ರವೆಂದೇ ಮೊದಲು ಆ ಅಂಕಣಕ್ಕೆ ಹೆಸರಿತ್ತು. 1994ರಲ್ಲಿ ಅವರ ಕಾದಂಬರಿ ಬುಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದ ಮೇಲೂ, ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಬೀದಿಯಲ್ಲಿ ದಿನವೂ ಎದುರಾಗುವ ಜನರಿಗಾಗಿ ಊರಿನ ಗಾಳಿಮಳೆ, ಕಡಲು, ಋತುಗಳ ಬಗ್ಗೆ ಬರೆಯುವುದನ್ನು ಅವರು ಬಿಡಲಿಲ್ಲ. 1996ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಅದು ನಡೆಯಿತು.

ಅವರ ತಂದೆಯೂ ನಿನ್ನ ತಂದೆಯ ಹಾಗೆ ಅಂಚೆಯವರು. ಆ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ.

ನಿನ್ನ ತಂದೆ ತೀರಿಕೊಂಡಾಗ ನಮ್ಮ ತಾಲ್ಲೂಕಿನ ವಾರಪತ್ರಿಕೆಯವರು ಅವರ ಬಗ್ಗೆ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದರು. ಪ್ರಯಾಣದಲ್ಲಿದ್ದೆನೆಂದು ನಿನಗೆ ಹೇಳಿದೆನಲ್ಲ, ಅದು ಸುಳ್ಳು. ನಾನು ಮನೆಯಲ್ಲೇ ಇದ್ದೆ. ರಾಜ್ಯದ ಪತ್ರಿಕೆಯೊಂದಕ್ಕೆ ಲೇಖನ ತಿದ್ದುತ್ತಿದ್ದೆ, ಐನೂರು ಪ್ರತಿಯ ಆ ಪತ್ರಿಕೆಯನ್ನು ಯಾರು ಓದುತ್ತಾರೆಂದು ಸುಮ್ಮನಾದೆ. ಮೂವತ್ತು ವರ್ಷ ಮಳೆಯಲ್ಲಿ ಅದೇ ಪತ್ರಿಕೆಯನ್ನು ಅಂಗಿಯೊಳಗಿಟ್ಟುಕೊಂಡು ನೆನೆಯದಂತೆ ಮನೆಮನೆಗೆ ತಲುಪಿಸಿದವರು ಅವರು. ಕೊನೆಗೆ ಅದರಲ್ಲಿ ಬಂದದ್ದು ಒಂದು ಭಾವಚಿತ್ರ, ನಾಲ್ಕು ಸಾಲು. ನನ್ನ ಮೊದಲ ಕವಿತೆ ಅಚ್ಚಾದ ಸಂಚಿಕೆಯನ್ನು ಹಳ್ಳ ದಾಟಿ ತಂದುಕೊಟ್ಟವರೂ ಅವರೇ ಎಂಬುದನ್ನು ನಾನು ಎಲ್ಲಿಯೂ ಬರೆದಿಲ್ಲ.

ಇಷ್ಟೊಂದು ಹೇಳುವ ಯೋಚನೆಯಿರಲಿಲ್ಲ. ಇರಲಿ. ನಿನ್ನ ಒಪ್ಪಿಗೆಯಿದ್ದರೆ ಈಗಲಾದರೂ ಆ ಪತ್ರಿಕೆಗೇ ಬರೆದುಕೊಡುತ್ತೇನೆ. ಗಂಟೆಯಿಲ್ಲದ ಸೈಕಲ್ಲಿನ ಸಂಗತಿಯನ್ನು ಮಾತ್ರ ಬಿಟ್ಟುಬಿಡುತ್ತೇನೆ. ಅಮ್ಮನಿಗೆ ಅದು ಇನ್ನೂ ಗೊತ್ತಿಲ್ಲ ತಾನೆ?

ಇಂತಿ,
ನಿನ್ನ ಗೆಳೆಯ